ಬೇಳೆ ಮಿಲ್ಲಿನಲ್ಲಿ ಮೂರು ಹಂಗಾಮು: ವಾಕಿಟಾಕಿಯೋ, ಮೊಬೈಲೋ?

ಕಲಬುರಗಿಯ ಹೊರವಲಯದಲ್ಲಿರುವ ಒಂದು ತೊಗರಿ ಬೇಳೆ ಮಿಲ್ಲಿನ ದಿನನಿತ್ಯದ ಉಸ್ತುವಾರಿ ನನ್ನದು. 2022ರ ಡಿಸೆಂಬರಿನಲ್ಲಿ, ಹೊಸ ತೊಗರಿ ಬರಲು ಆರಂಭವಾದ ವಾರದಲ್ಲೇ, ಪರವಾನಗಿಯ ಅಗತ್ಯವಿಲ್ಲದ ಎಂಟು ವಾಕಿಟಾಕಿಗಳನ್ನು ಕೊಂಡೆವು. ಅಂದಿನಿಂದ ಮೂರು ಹಂಗಾಮು ಅವುಗಳನ್ನೂ ಮೊಬೈಲನ್ನೂ ಜೊತೆಜೊತೆಯಾಗಿ ಬಳಸಿದ್ದೇವೆ. ನಡುವೆ ಒಂದು ವರ್ಷ ಸಿಮ್ ಹಾಕಿ ನಡೆಸುವ, ನೋಡಲು ವಾಕಿಟಾಕಿಯಂತೆಯೇ ಇರುವ ಸೆಟ್ಟುಗಳನ್ನೂ ಬಾಡಿಗೆಗೆ ತಂದು ನೋಡಿದೆವು. ಮಿಲ್ಲು, ಗೋದಾಮು, ಜಿನ್ನಿಂಗ್ ಫ್ಯಾಕ್ಟರಿ ನಡೆಸುವ ಪರಿಚಯದವರು ಇವುಗಳಲ್ಲಿ ಯಾವುದು ಒಳ್ಳೆಯದೆಂದು ಆಗಾಗ ಕೇಳುತ್ತಿರುವುದರಿಂದ, ಅನುಭವವನ್ನು ಒಮ್ಮೆ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಜಾಗವನ್ನು ಹೇಳಬೇಕು. ಗೇಟಿನ ಪಕ್ಕ ವೇಬ್ರಿಡ್ಜ್, ಅದರಾಚೆ ಕಾಳಿನ ಗೋದಾಮು, ನಡುವೆ ತಗಡಿನ ಶೆಡ್ಡಿನೊಳಗೆ ಮಿಲ್ಲು, ಹಿಂದೆ ತೊಗರಿ ಒಣಗಿಸುವ ದೊಡ್ಡ ಅಂಗಳ. ಸಿಪ್ಪೆ ತೆಗೆಯುವ ಎಮರಿ ರೋಲರುಗಳೂ ಕಾಳನ್ನು ಮೇಲಕ್ಕೆ ಒಯ್ಯುವ ಎಲಿವೇಟರುಗಳೂ ಜಾಲರಿಗಳೂ ಒಟ್ಟಿಗೆ ಓಡುವಾಗ, ಎದುರಿಗೆ ನಿಂತವನ ಮಾತೂ ಕಿವಿಗೆ ಬೀಳುವುದಿಲ್ಲ. ಕಿಸೆಯಲ್ಲಿರುವ ಮೊಬೈಲ್ ಬಾರಿಸಿದ್ದು ತಿಳಿಯುವುದು ಅದರ ನಡುಕದಿಂದ, ಅದೂ ತಿಳಿದರೆ. ಕೈಯಲ್ಲಿ ಎಣ್ಣೆ, ಮುಖದ ಮೇಲೆ ಹೊಟ್ಟಿನ ಧೂಳು. ಆ ಸ್ಥಿತಿಯಲ್ಲಿ ಪರದೆ ಒರೆಸಿ, ಬೀಗ ತೆಗೆದು, ಹೆಸರು ಹುಡುಕಿ ಕರೆ ಮಾಡುವಷ್ಟರಲ್ಲಿ ಆಗಬೇಕಾದ ಅನಾಹುತ ಆಗಿ ಮುಗಿದಿರುತ್ತದೆ. ತಗಡಿನ ಗೋಡೆಗಳ ನಡುವೆ ಸಿಗ್ನಲ್ ಒಂದು ಕಡ್ಡಿಗೆ ಇಳಿಯುವುದು ಬೇರೆ ಮಾತು. ಆದರೆ ನಮ್ಮ ನಿಜವಾದ ತೊಂದರೆ ಸಿಗ್ನಲ್ಲಿನದಾಗಿರಲಿಲ್ಲ. ಮೊಬೈಲ್ ಒಬ್ಬನಿಂದ ಒಬ್ಬನಿಗೆ ಮಾತು ಮುಟ್ಟಿಸುವ ಯಂತ್ರ. ಮಿಲ್ಲಿನಲ್ಲಿ ಹುಟ್ಟುವ ಮಾತು ಬಹುಪಾಲು ಎಲ್ಲರಿಗೂ ಸೇರಿದ್ದು.

ಇದು ನನಗೆ ಮನದಟ್ಟಾದದ್ದು ಮೊದಲ ಹಂಗಾಮಿನ ಮಾರ್ಚ್ ತಿಂಗಳಿನಲ್ಲಿ. ಎಣ್ಣೆ ಹಚ್ಚಿ, ನೀರು ಕೊಟ್ಟು, ರಾಶಿ ಹಾಕಿಟ್ಟು ಹದಗೊಳಿಸಿದ ತೊಗರಿಯನ್ನು ಅಂಗಳದಲ್ಲಿ ಹರಡಿದ್ದೆವು. ಮಧ್ಯಾಹ್ನ ಮೂರರ ಸುಮಾರಿಗೆ ಪಡುವಣದಲ್ಲಿ ಮೋಡ ಕಪ್ಪಾಯಿತು. ಹಿಂದಿನ ವರ್ಷ ಇಂಥದ್ದೇ ಸಂದರ್ಭದಲ್ಲಿ ನಾನು ಒಬ್ಬೊಬ್ಬರಿಗೂ ಫೋನ್ ಮಾಡುತ್ತ ಓಡಾಡಿ, ಮೂರನೆಯವನು ಕರೆ ಎತ್ತುವ ಹೊತ್ತಿಗೆ ಹನಿ ಬಿದ್ದು, ಕೆಲವು ಕ್ವಿಂಟಲ್ ಕಾಳು ನೆನೆದು ಬಣ್ಣ ಕೆಟ್ಟಿತ್ತು. ಈ ಬಾರಿ ಅಂಗಳದ ಹುಡುಗ ಗುಂಡಿ ಒತ್ತಿ ‘ಮಳಿ ಬಂತ್ರೀ, ತಾಡಪತ್ರಿ ತರ್ರಿ’ ಎಂದದ್ದು ಗೋದಾಮಿಗೂ ವೇಬ್ರಿಡ್ಜಿಗೂ ಆಫೀಸಿಗೂ ಒಂದೇ ಉಸಿರಿನಲ್ಲಿ ಕೇಳಿಸಿತು. ಹಮಾಲರು ಚೀಲ ಇಳಿಸುವುದನ್ನು ಅಲ್ಲಿಗೇ ಬಿಟ್ಟು ಓಡಿಬಂದರು. ಯಾರೂ ಕರೆ ಎತ್ತಬೇಕಾಗಿರಲಿಲ್ಲ. ಮಾತು ತಾನಾಗಿಯೇ ಎಲ್ಲರ ಸೊಂಟದಲ್ಲಿ ಮೊಳಗಿತ್ತು. ಕೊಟ್ಟ ಹಣದ ದೊಡ್ಡ ಭಾಗ ಆ ಒಂದು ಮಧ್ಯಾಹ್ನದಲ್ಲೇ ವಾಪಸು ಬಂದಿತೆಂದು ನಮ್ಮ ಸಾಹುಕಾರರು ಈಗಲೂ ಹೇಳುತ್ತಾರೆ.

ದೂರದ ವಿಷಯದಲ್ಲಿ ಮಾತ್ರ ಡಬ್ಬಿಯ ಮೇಲಿನ ಮಾತನ್ನು ನಂಬಬಾರದು. ನಮ್ಮ ಸೆಟ್ಟುಗಳು 446 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ಹೆಚ್ಚೆಂದರೆ ಅರ್ಧ ವ್ಯಾಟ್ ಶಕ್ತಿಯಲ್ಲಿ ಕೆಲಸ ಮಾಡುತ್ತವೆ. ಈ ತರಂಗದ ಉದ್ದ ಸುಮಾರು 67 ಸೆಂಟಿಮೀಟರ್. ಅದು ಬಹುಮಟ್ಟಿಗೆ ಕಣ್ಣಿಗೆ ಕಾಣುವಷ್ಟು ದೂರವೇ ನೆಟ್ಟಗೆ ಸಾಗುತ್ತದೆ, ಗುಡ್ಡವನ್ನೋ ಕಬ್ಬಿಣದ ಶೆಡ್ಡನ್ನೋ ಸುತ್ತಿಕೊಂಡು ಹೋಗುವ ಗುಣ ಅದಕ್ಕೆ ಕಡಿಮೆ. ಡಬ್ಬಿಯ ಮೇಲೆ ಹಲವು ಕಿಲೋಮೀಟರ್ ಎಂದು ಅಚ್ಚಾಗಿತ್ತು. ತೊಗರಿ ಕೊಯ್ದು ಬಯಲಾದ ಎರೆಹೊಲದಲ್ಲಿ ನಾನೇ ನಡೆದು ನೋಡಿದಾಗ ಒಂದೂವರೆ ಕಿಲೋಮೀಟರಿನವರೆಗೆ ಮಾತು ಸ್ಪಷ್ಟವಾಗಿತ್ತು. ಮಿಲ್ಲುಗಳ ಸಾಲಿನ ನಡುವೆ ನಾನೂರು ಮೀಟರ್ ದಾಟಿದರೆ ಬರೀ ಕರಕರ ಶಬ್ದ. ವಿಚಿತ್ರವೆಂದರೆ ಮೊಬೈಲಿನ ಶಕ್ತಿ ಇದಕ್ಕಿಂತಲೂ ಕಡಿಮೆ: 4ಜಿ ಫೋನೊಂದು ಸಾಮಾನ್ಯವಾಗಿ ಗರಿಷ್ಠ 0.2 ವ್ಯಾಟ್ ಮಾತ್ರ ಹೊರಸೂಸುತ್ತದೆ. ಆದರೆ ಅದರ ದನಿಯನ್ನು ಆಲಿಸಲು ಎತ್ತರದ ಟವರಿನ ಮೇಲೆ ಸೂಕ್ಷ್ಮವಾದ ಕಿವಿಯೊಂದು ಕುಳಿತಿರುತ್ತದೆ. ವಾಕಿಟಾಕಿಯ ದನಿಯನ್ನು ಕೇಳಬೇಕಾದದ್ದು ಇನ್ನೊಬ್ಬನ ಸೊಂಟದಲ್ಲಿ, ನೆಲದಿಂದ ಮೂರಡಿ ಎತ್ತರದಲ್ಲಿ ತೂಗುತ್ತಿರುವ ಇನ್ನೊಂದು ವಾಕಿಟಾಕಿ.

ಕೊಂಡ ಮೊದಲ ತಿಂಗಳಲ್ಲಿ ನಾವು ಎಡವಿದ್ದು ಸೆಟ್ಟಿನಲ್ಲಲ್ಲ, ಮಾತಿನಲ್ಲಿ. ಫೋನಿನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಬಹುದು, ತಿಳಿಯದಿದ್ದರೆ ನಡುವೆಯೇ ‘ಏನಂದ್ರಿ?’ ಎಂದು ತಡೆಯಬಹುದು. ವಾಕಿಟಾಕಿಯಲ್ಲಿ ಒಂದು ಹೊತ್ತಿಗೆ ಒಬ್ಬನದೇ ಮಾತು. ಗುಂಡಿ ಒತ್ತಿದೊಡನೆ ಬಾಯಿ ತೆರೆದರೆ ಮೊದಲ ಅಕ್ಷರಗಳು ಹೋಗುತ್ತವೆ. ಮಾತು ಮುಗಿಯುವ ಮುನ್ನ ಬೆರಳು ಎತ್ತಿದರೆ ಕೊನೆಯ ಅಕ್ಷರಗಳು ಹೋಗುತ್ತವೆ. ಈ ಎರಡನೆಯದು ಕನ್ನಡದವರಿಗೆ ವಿಶೇಷವಾಗಿ ಅಪಾಯಕರ, ಏಕೆಂದರೆ ನಮ್ಮ ಭಾಷೆಯಲ್ಲಿ ಬೇಡ ಎನ್ನುವ ಮಾತು ವಾಕ್ಯದ ಬಾಲದಲ್ಲಿ ಬರುತ್ತದೆ. ಎಲಿವೇಟರಿನ ತಳದಲ್ಲಿ ಕಾಳು ಕಟ್ಟಿಕೊಂಡಿದ್ದ ಒಂದು ದಿನ, ಅದನ್ನು ಕೈಯಿಂದ ತೆಗೆಯುತ್ತಿದ್ದ ಮಿಸ್ತ್ರಿ ‘ಈಗ ಚಾಲೂ ಮಾಡಬ್ಯಾಡ್ರಿ’ ಎಂದ. ಸ್ವಿಚ್ಚಿನ ಬಳಿ ನಿಂತಿದ್ದವನಿಗೆ ಕೇಳಿಸಿದ್ದು ‘ಈಗ ಚಾಲೂ ಮಾಡ’ ಎಂಬಷ್ಟೇ. ಪುಣ್ಯಕ್ಕೆ ಅವನು ಅನುಮಾನಗೊಂಡು ಮತ್ತೊಮ್ಮೆ ಕೇಳಿದ. ಅಂದು ಸಂಜೆಯೇ ಎಲ್ಲರನ್ನೂ ಕೂರಿಸಿ ನಿಯಮ ಮಾಡಿದೆವು: ವಾಕಿಟಾಕಿಯಲ್ಲಿ ‘ಬ್ಯಾಡ’ ಎಂಬ ಮಾತೇ ಬರಕೂಡದು, ‘ಬಂದ್ ಇರಲಿ, ಬಂದ್ ಇರಲಿ’ ಎಂದು ಎರಡು ಸಲ ಹೇಳಬೇಕು, ಕೇಳಿದವನು ಅದನ್ನೇ ತಿರುಗಿ ಹೇಳಬೇಕು. ಇದರ ಜೊತೆಗೆ, ಯಂತ್ರದೊಳಗೆ ಕೈ ಹಾಕುವ ಮುನ್ನ ಮುಖ್ಯ ಸ್ವಿಚ್ಚನ್ನು ಇಳಿಸಿ ಬೀಗ ಹಾಕಿ, ಕೀಲಿಯನ್ನು ಕಿಸೆಗೆ ಹಾಕಿಕೊಳ್ಳುವ ಪದ್ಧತಿಯನ್ನೂ ತಂದೆವು. ಜೀವದ ವಿಷಯವನ್ನು ಅರ್ಧ ವ್ಯಾಟಿನ ಮಾತಿಗೆ ಬಿಡುವುದು ತಪ್ಪು.

ಇನ್ನು ಗುಟ್ಟು. ಈ ಬಗೆಯ ಸಾದಾ ಸೆಟ್ಟುಗಳಲ್ಲಿ ಗುಟ್ಟೆಂಬುದೇ ಇಲ್ಲ. ‘ಪ್ರೈವಸಿ ಕೋಡ್’ ಎಂದು ಕೈಪಿಡಿಯಲ್ಲಿ ಬರೆದಿರುವುದು ಮಾತಿನ ಜೊತೆ ಕಳುಹಿಸುವ, ನಮ್ಮ ಕಿವಿಗೆ ಕೇಳಿಸದ ಒಂದು ಮಂದ್ರ ಸ್ವರ ಅಷ್ಟೇ. ಅದು ಬೇರೆಯವರ ಮಾತು ನಮ್ಮ ಸೆಟ್ಟಿನಲ್ಲಿ ಮೊಳಗದಂತೆ ತಡೆಯುತ್ತದೆಯೇ ಹೊರತು, ನಮ್ಮ ಮಾತನ್ನು ಬೇರೆಯವರು ಕೇಳದಂತೆ ತಡೆಯುವುದಿಲ್ಲ. ಹತ್ತಿರದ ಇನ್ನೊಂದು ಮಿಲ್ಲಿನವರೂ ಇಂಥವೇ ಸೆಟ್ಟುಗಳನ್ನು ತಂದ ಮೇಲೆ, ಅವರ ಚಹಾದ ಲೆಕ್ಕ ನಮಗೂ ನಮ್ಮ ಚೀಲದ ಲೆಕ್ಕ ಅವರಿಗೂ ಒಂದು ವಾರ ಉಚಿತವಾಗಿ ತಿಳಿಯಿತು. ಆದ್ದರಿಂದ ದರ, ತೂಕ, ಪಾರ್ಟಿಯ ಹೆಸರು, ಹಣದ ಮಾತು, ಇವೆಲ್ಲ ನಮ್ಮಲ್ಲಿ ಕಡ್ಡಾಯವಾಗಿ ಮೊಬೈಲಿನಲ್ಲಿ. ತೂಕದ ಚೀಟಿಯ ಫೋಟೋ, ಲಾರಿ ಎಲ್ಲಿದೆ ಎಂಬ ಲೊಕೇಶನ್, ಯಾವ ಗಂಟೆಗೆ ಯಾರು ಕರೆ ಮಾಡಿದ್ದರೆಂಬ ದಾಖಲೆ, ಇವನ್ನೂ ವಾಕಿಟಾಕಿ ಕೊಡಲಾರದು. ಮೊಬೈಲಿನಲ್ಲಿ ತಪ್ಪಿದ ಕರೆಗೆ ಕುರುಹು ಉಳಿಯುತ್ತದೆ. ವಾಕಿಟಾಕಿಯಲ್ಲಿ ತಪ್ಪಿದ ಮಾತು ಗಾಳಿಗೆ ಹೋದಂತೆಯೇ.

ಮೊಬೈಲ್ ಕೈಕೊಡುವುದು ಜನ ಕೂಡಿದಾಗ. ಹೋಳಿ ಹುಣ್ಣಿಮೆಯ ನಂತರ ಶರಣಬಸವೇಶ್ವರರ ತೇರು ಎಳೆಯುವ ಸಂಜೆ ಗುಡಿಯ ಸುತ್ತ ನಿಂತು ಫೋನ್ ಮಾಡಲು ಯತ್ನಿಸಿದವರಿಗೆ ಇದು ಗೊತ್ತು: ಕಡ್ಡಿ ಪೂರ್ತಿ ಇರುತ್ತದೆ, ಕರೆ ಮಾತ್ರ ಹೋಗುವುದಿಲ್ಲ. ಒಂದು ಟವರ್ ಏಕಕಾಲಕ್ಕೆ ನಿಭಾಯಿಸಬಲ್ಲ ಮಾತಿಗೆ ಮಿತಿಯಿದೆ. ಸಾವಿರಾರು ಜನ ಅದೇ ಹೊತ್ತಿಗೆ ಅದೇ ಟವರಿಗೆ ಜೋತುಬಿದ್ದರೆ ಕೆಲವರು ಹೊರಗೇ ಉಳಿಯಬೇಕು. ಅಲ್ಲಿ ಪ್ರಸಾದದ ವ್ಯವಸ್ಥೆಗೆ ಹೋಗಿದ್ದ ನಮ್ಮವರು ಎರಡು ಸೆಟ್ಟು ಒಯ್ದಿದ್ದರು. ನೂರಿನ್ನೂರು ಮೀಟರಿನೊಳಗಿನ ಕೆಲಸಕ್ಕೆ ಅವು ಸಾಕಾದವು.

ಸಿಮ್ ಸೆಟ್ಟುಗಳ ಕಥೆ ಬೇರೆ. ಎರಡನೆಯ ಹಂಗಾಮಿನಲ್ಲಿ ಸಾಹುಕಾರರಿಗೆ, ಖರೀದಿಯವರಿಗೆ, ಎರಡು ಲಾರಿಗಳಿಗೆ ಎಂದು ನಾಲ್ಕು ತಂದೆವು. ಒತ್ತಿ ಮಾತಾಡುವ ಗುಂಡಿ ಇದೆ, ಆದರೆ ಮಾತು ಹೋಗುವುದು ಮೊಬೈಲ್ ಡೇಟಾದ ಮೇಲೆ, ಎಲ್ಲೋ ಇರುವ ಸರ್ವರಿನ ಮೂಲಕ. ಬೀದರಿನಲ್ಲಿ ನಿಂತ ಲಾರಿಗೂ ಯಾದಗಿರಿಯ ಅಡತಿ ಅಂಗಡಿಯಲ್ಲಿ ಕುಳಿತವರಿಗೂ ಒಂದೇ ಗುಂಡಿಯಲ್ಲಿ ಮಾತು ಮುಟ್ಟಿದ್ದನ್ನು ಕಂಡು ಮೊದಲು ಬಹಳ ಖುಷಿಪಟ್ಟೆವು. ಕ್ರಮೇಣ ಕೊರತೆ ಕಾಣಿಸಿತು. ಮಾತು ಒಂದೆರಡು ಸೆಕೆಂಡು ತಡವಾಗಿ ಬರುತ್ತಿತ್ತು, ಆಳಂದದ ಕಡೆಯ ಕೆಲವು ಹಳ್ಳಿಗಳಲ್ಲಿ ಬರುತ್ತಲೇ ಇರಲಿಲ್ಲ, ಮತ್ತು ಜಾತ್ರೆಯ ಸಂಜೆ ಮೊಬೈಲ್ ಮಲಗಿದಾಗ ಇವೂ ಅದರ ಪಕ್ಕದಲ್ಲೇ ಮಲಗಿದವು. ಆಪತ್ಕಾಲದ ಸೇವೆಗಳಿಗಾಗಿ ಮೊಬೈಲ್ ಜಾಲದಲ್ಲೇ ಒತ್ತಿ ಮಾತಾಡುವ ಕರೆಗಳಿಗೆ ಆದ್ಯತೆ ಕೊಡುವ ಮಾನದಂಡವನ್ನು 3ಜಿಪಿಪಿ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2016ರಲ್ಲಿ ತನ್ನ ಮಾನದಂಡಗಳ ಹದಿಮೂರನೆಯ ಆವೃತ್ತಿಯಲ್ಲಿ ರೂಪಿಸಿದೆ. ಆದರೆ ನಮ್ಮಂಥವರು ಬಾಡಿಗೆಗೆ ತರುವ ಸೆಟ್ಟಿಗೆ ಆ ಆದ್ಯತೆ ಇರುವುದಿಲ್ಲ, ಅದು ಉಳಿದವರ ವಿಡಿಯೋಗಳ ಜೊತೆಗೇ ಸಾಲಿನಲ್ಲಿ ನಿಲ್ಲುತ್ತದೆ. ಸೇವೆ ಕೊಡುತ್ತಿದ್ದ ಕಂಪನಿ ಒಂದು ದಿನ ಅರ್ಧ ಹೊತ್ತು ಸರ್ವರ್ ನಿಲ್ಲಿಸಿ, ಕೇಳಿದರೆ ನಿರ್ವಹಣೆ ಎಂದಿತು. ಮುಂಚೆ ಒಂದು ಸಂದೇಶವನ್ನೂ ಕಳುಹಿಸಿರಲಿಲ್ಲ. ಅಮೆರಿಕದಲ್ಲಿ ಕಟ್ಟಡ ಕೆಲಸದವರೂ ಸಾಗಣೆಯವರೂ ವರ್ಷಗಟ್ಟಲೆ ನೆಚ್ಚಿಕೊಂಡಿದ್ದ ನೆಕ್ಸ್‌ಟೆಲ್‌ನ ಒತ್ತಿ ಮಾತಾಡುವ ಜಾಲವನ್ನೇ, ಅದನ್ನು ಕೊಂಡಿದ್ದ ಸ್ಪ್ರಿಂಟ್ ಕಂಪನಿ 2013ರ ಜೂನ್ 30ರಂದು ಮುಚ್ಚಿತು. ನಮ್ಮ ಕೈಯಲ್ಲಿರುವ ಎಂಟು ವಾಕಿಟಾಕಿಗಳನ್ನು ಬೇರೆ ಊರಿನಲ್ಲಿ ಕುಳಿತವರು ಯಾರೂ ಬಂದ್ ಮಾಡಲಾರರು ಎಂಬುದು ಸಣ್ಣ ಸಮಾಧಾನವಲ್ಲ.

ಕೊಳ್ಳುವವರು ಕಾನೂನಿನ ಒಂದು ಮಾತನ್ನು ಗಮನಿಸಲೇಬೇಕು. ಭಾರತದಲ್ಲಿ 446.0ರಿಂದ 446.2 ಮೆಗಾಹರ್ಟ್ಸ್ ನಡುವಿನ ಕಡಿಮೆ ಶಕ್ತಿಯ ವಾಕಿಟಾಕಿಗಳಿಗೆ 2018ರ ಅಕ್ಟೋಬರಿನ ನಿಯಮದಿಂದ ಪರವಾನಗಿಯ ವಿನಾಯಿತಿ ಸಿಕ್ಕಿದೆ. ಆದರೆ ಆ ಮಾದರಿಗೆ ಕೇಂದ್ರ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗದಿಂದ ಇ.ಟಿ.ಎ. ಎಂಬ ಅನುಮೋದನೆ ಆಗಿರಬೇಕು. ಇದು ತಿಳಿಯದೆ ನಾವು ಈ ಎಂಟಕ್ಕೂ ಮುನ್ನ ಆನ್‌ಲೈನಿನಲ್ಲಿ ಅಗ್ಗದ ಐದು ವ್ಯಾಟಿನ ಒಂದು ಜೋಡಿಯನ್ನು ತರಿಸಿದ್ದೆವು. ಮಾರಾಟಗಾರನ ಪುಟದಲ್ಲಿ ತರಂಗಾಂತರದ ಸುದ್ದಿಯೂ ಇರಲಿಲ್ಲ, ಪರವಾನಗಿಯ ಸುದ್ದಿಯೂ ಇರಲಿಲ್ಲ. ಪರಿಚಯದ ಎಲೆಕ್ಟ್ರಾನಿಕ್ಸ್ ಅಂಗಡಿಯವರೊಬ್ಬರು ನೋಡಿ, ‘ಇದು ಯಾರ ಚಾನೆಲ್ಲಿಗೆ ಬೇಕಾದ್ರೂ ಹೊಕ್ಕತದ, ಪೊಲೀಸರ ಚಾನೆಲ್ಲಿಗೆ ಹೊಕ್ಕರ ಏನ್ ಮಾಡ್ತೀರಿ?’ ಎಂದ ಮೇಲೆ ಎದೆ ಧಸಕ್ಕೆಂದಿತು. ವಾಪಸು ತೆಗೆದುಕೊಳ್ಳಲು ಮಾರಾಟಗಾರ ಒಪ್ಪಲಿಲ್ಲ. ಆ ಹಣ ಹೋಯಿತು. 2025ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಇಂಥ ಆನ್‌ಲೈನ್ ಮಾರಾಟದ ಮೇಲೆ ಮಾರ್ಗಸೂಚಿ ಹೊರಡಿಸಿದ್ದು ಒಳ್ಳೆಯದಾಯಿತು. ನಮ್ಮ ಪಾಲಿಗೆ ತಡವಾಯಿತು.

ಬಾಳಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಂಟರಲ್ಲಿ ಏಳು ಇನ್ನೂ ಮಾತಾಡುತ್ತಿವೆ. ಒಂದು ಹೊಟ್ಟಿನ ಗುಂಡಿಗೆ ಬಿದ್ದು ಲಾರಿಯ ಚಕ್ರದಡಿ ಹೋಯಿತು. ಚಾರ್ಜಿಂಗ್ ತೊಟ್ಟಿಲಿನ ಹಿತ್ತಾಳೆ ಚುಕ್ಕೆಗಳ ಮೇಲೆ ಬೇಳೆಯ ಹಿಟ್ಟು ಕೂತು, ಬೆಳಗ್ಗೆ ನೋಡಿದರೆ ಚಾರ್ಜೇ ಆಗಿರುವುದಿಲ್ಲ. ವಾರಕ್ಕೊಮ್ಮೆ ಒಣಬಟ್ಟೆಯಿಂದ ಒರೆಸುವುದನ್ನು ಒಬ್ಬನ ಪಾಲಿಗೆ ಹಚ್ಚಿದ್ದೇವೆ. ನಮ್ಮ ಮೇ ತಿಂಗಳ ಬಿಸಿಲನ್ನು ಬ್ಯಾಟರಿಗಳು ಎರಡು ವರ್ಷ ತಾಳಿಕೊಂಡವು. ಕಂಪನಿ ಹೇಳುವ ಗಂಟೆಗಳ ಲೆಕ್ಕ ನೂರರಲ್ಲಿ ಐದು ಪಾಲು ಮಾತು, ಐದು ಪಾಲು ಆಲಿಕೆ, ತೊಂಬತ್ತು ಪಾಲು ಮೌನ ಎಂಬ ಆಧಾರದ ಮೇಲಿನದು. ಅಷ್ಟು ಮೌನವಾಗಿರುವ ಬೇಳೆ ಮಿಲ್ಲನ್ನು ನಾನು ಕಂಡಿಲ್ಲ.

ಈ ಹಂಗಾಮಿಗೆ ಸಿಮ್ ಸೆಟ್ಟುಗಳನ್ನು ವಾಪಸು ಕೊಟ್ಟೆವು. ಲಾರಿಯವರ ಜೊತೆ ಮೊದಲಿನಂತೆ ಮೊಬೈಲಿನಲ್ಲೇ ವ್ಯವಹಾರ. ಕಾಂಪೌಂಡಿನ ಒಳಗೆ ವಾಕಿಟಾಕಿ, ಗೇಟು ದಾಟಿದರೆ ಫೋನ್. ಕಾಂಪೌಂಡು ಇಲ್ಲದ ವ್ಯಾಪಾರಕ್ಕೆ, ಅಂದರೆ ಊರೂರು ತಿರುಗುವ ಸಾಗಣೆಗೋ ಬಿಡಿ ವಿತರಣೆಗೋ, ವಾಕಿಟಾಕಿ ಕೊಳ್ಳಬೇಡಿರೆಂದೇ ಹೇಳುತ್ತೇನೆ. ಏಳೂ ಸೆಟ್ಟುಗಳಿಗೆ ಹೊಸ ಬ್ಯಾಟರಿ ಹಾಕಿಸಿದ್ದೇವೆ. ರೋಲರಿನ ಬಳಿ ನಿಲ್ಲುವವನಿಗೆ ಮಾತ್ರ ಸ್ಪೀಕರಿನ ದನಿ ಇನ್ನೂ ಸಾಲುತ್ತಿಲ್ಲ. ಅವನಿಗೆ ಕಿವಿ ಮುಚ್ಚುವ ಹೆಡ್‌ಸೆಟ್ ಒಂದನ್ನು ತರಿಸಿದ್ದೇನೆ, ಬರುವ ವಾರ ಹಚ್ಚಿ ನೋಡಬೇಕು.