ಕಲ್ಲೊಳಗಿನ ವಜ್ರ: ಸಿಟಿ ಸ್ಕ್ಯಾನ್ ಮಾಡಿಸೋದಾ, ಒಡೆದು ನೋಡೋದಾ?

ವಜ್ರ ಇರುವ ಕಲ್ಲೊಂದು ಕೈಯಲ್ಲಿದೆ, ಒಡೆಯಬೇಕೋ ಎಕ್ಸ್-ರೇ ಸಿಟಿ ಸ್ಕ್ಯಾನ್ ಮಾಡಿಸಬೇಕೋ ಅಂತ ಯೋಚಿಸುತ್ತಿದ್ದೀರಾ? ಮೊದಲು ಸ್ಕ್ಯಾನ್ ಮಾಡಿಸಿ. ಒಡೆದ ಕಲ್ಲು ಮತ್ತೆ ಕೂಡುವುದಿಲ್ಲ ಅಲ್ವಾ.

ಪುಡಿ ಮಾಡಿ ಆಸಿಡ್‌ನಲ್ಲಿ ಕರಗಿಸಿದರೆ ವಜ್ರವೇನೋ ಕೈಗೆ ಸಿಗುತ್ತದೆ. ಆದರೆ ಅದು ಯಾವ ಖನಿಜದ ಪಕ್ಕ ಕೂತಿತ್ತು, ಬಿರುಕಿನ ಗುಂಟ ಬೆಳೆದಿತ್ತಾ ಅನ್ನೋದು ಹೋಗೇ ಬಿಡುತ್ತದೆ. ತೆಳ್ಳಗೆ ಕೊಯ್ಯೋಣ ಅಂದ್ರೆ ವಜ್ರ ಸುತ್ತಲಿನ ಕಲ್ಲಿಗಿಂತ ಜಾಸ್ತಿ ಗಟ್ಟಿ, ಉಜ್ಜುವಾಗ ಕಿತ್ತು ಬರಬಹುದು.

ಸ್ಕ್ಯಾನ್‌ನಲ್ಲಿ ಈ ತಾಪತ್ರಯ ಇಲ್ಲ. ಕಲ್ಲನ್ನು ತಿರುಗಿಸುತ್ತಾ ನೂರಾರು ಚಿತ್ರ ತೆಗೆದು ಕಂಪ್ಯೂಟರ್‌ನಲ್ಲಿ ಜೋಡಿಸಿದಾಗ, ವಜ್ರದ ಸುತ್ತಲಿನ ಖನಿಜಗಳಾದ ಗಾರ್ನೆಟ್ ಬೆಳ್ಳಗೆ, ಪೈರಾಕ್ಸೀನ್ ಬೂದು, ವಜ್ರ ಕಪ್ಪಗೆ ಕಾಣುತ್ತದೆ. ವಜ್ರ ಅಂದ್ರೆ ಇಂಗಾಲ, ಎಕ್ಸ್-ರೇಯನ್ನು ಅಷ್ಟಾಗಿ ತಡೆಯುವುದಿಲ್ಲ. ಸೈಬೀರಿಯಾದ ಉದಾಚ್ನಾಯಾ ಗಣಿಯ ಒಂದೇ ಕಲ್ಲಿನಲ್ಲಿ ಸುಮಾರು 30,000 ಪುಟ್ಟ ವಜ್ರಗಳಿವೆ ಅಂತ 2014ರಲ್ಲಿ ಸುದ್ದಿಯಾಯಿತಲ್ಲ, ಅದನ್ನೂ ಎಕ್ಸ್-ರೇ ಸ್ಕ್ಯಾನ್ ಮಾಡಿಯೇ ನೋಡಿದ್ದು. ಓದಿದಾಗ ಮೈ ಜುಮ್ಮೆಂದಿತ್ತು.

ಆದರೆ ಹುಷಾರು, ಬಿರುಕು, ಟೊಳ್ಳುಗಳೂ ಕಪ್ಪಗೇ ಇರುತ್ತವೆ. ಎಂಟು ಮುಖದ ಚೂಪಾದ ಆಕಾರ ಕಂಡರೆ ನಂಬಬಹುದು, ಸುಮ್ನೆ ಕಪ್ಪು ಚುಕ್ಕೆಯನ್ನೆಲ್ಲ ಎಣಿಸಬೇಡಿ. ಕಲ್ಲು ದೊಡ್ಡದಾದಷ್ಟೂ ಸಣ್ಣ ವಿವರ ಮಸುಕಾಗುತ್ತದೆ.

ವಜ್ರದಲ್ಲಿ ನೈಟ್ರೋಜನ್ ಎಷ್ಟಿದೆ, ಇಂಗಾಲದ ಐಸೋಟೋಪ್ (ತೂಕ ಬೇರೆ ಬೇರೆ ಇರುವ ಇಂಗಾಲದ ಪರಮಾಣುಗಳು) ಲೆಕ್ಕ ಏನು ಅನ್ನೋದು ನಿಮ್ಮ ಪ್ರಶ್ನೆಯಾದರೆ ಸ್ಕ್ಯಾನ್ ಉತ್ತರ ಕೊಡುವುದಿಲ್ಲ, ವಜ್ರವನ್ನು ಹೊರಗೆ ತೆಗೆಯಬೇಕಾಗುತ್ತದೆ. ಆಗಲೂ ಸ್ಕ್ಯಾನ್ ಚಿತ್ರವನ್ನು ಎದುರಿಗಿಟ್ಟುಕೊಂಡು, ಬೇಕಾದ ವಜ್ರ ಇರುವ ಕಡೆಗೆ ಮಾತ್ರ ಕೈ ಹಾಕಿ.