ರಂಗಪ್ರವೇಶಕ್ಕೆ ಎಐ ಬ್ಯಾಕ್‌ಡ್ರಾಪ್ ಹಾಕ್ಸೋರಿಗೆ: ನಮ್ಮ ಅನುಭವ

ಹೋದ ತಿಂಗಳು ನಮ್ಮ ಅಕ್ಕನ ಮಗಳ ಭರತನಾಟ್ಯ ರಂಗಪ್ರವೇಶ ಮಲ್ಲೇಶ್ವರದಲ್ಲಾಯ್ತು. 2025ರ ಚೀನಾ ಹೊಸವರ್ಷದ ಟಿವಿ ಶೋನಲ್ಲಿ ಯೂನಿಟ್ರೀ ಕಂಪನಿಯ 16 ರೋಬೋಗಳು ಡ್ಯಾನ್ಸರ್‌ಗಳ ಜೊತೆ ಕರವಸ್ತ್ರ ತಿರುಗಿಸ್ತಾ ಕುಣಿದ ವಿಡಿಯೋ ನೋಡಿದಾಗಿಂದ ಅವಳಿಗೆ ಒಂದೇ ಹಠ, ನನ್ ಸ್ಟೇಜಲ್ಲೂ ಏನಾದ್ರೂ ಬೇಕು ಚಿಕ್ಕಮ್ಮಾ ಅಂತ. ರೋಬೋ ತರೋದು ನಮ್ ಕೈಲಾಗೋ ಮಾತಲ್ಲ, ಹಾಗಾಗಿ ಹುಡುಕಿ ಹುಡುಕಿ ಇಲ್ಲೇ ಬೆಂಗಳೂರಲ್ಲಿ ಡ್ಯಾನ್ಸರ್ ಚಲನೆ ನೋಡ್ಕೊಂಡು ಹಿಂದಿನ ಪರದೆ ಮೇಲೆ ಬೆಳಕು, ಗೆರೆ, ಹೂವು ಮೂಡಿಸೋ ಸರ್ವೀಸ್ ಒಂದನ್ನ 35 ಸಾವಿರಕ್ಕೆ ಬುಕ್ ಮಾಡಿದ್ವಿ. ಟೀಮ್ ಹೆಸರು ಬೇಡ, ಹುಡುಗರು ಒಳ್ಳೆಯವರು.

ಅವರತ್ರ ಇದ್ದದ್ದು ಹಳೇ ಎಕ್ಸ್‌ಬಾಕ್ಸ್ ಕೈನೆಕ್ಟ್ ಸೆನ್ಸರ್ (ವಿಡಿಯೋ ಗೇಮ್‌ಗೆ ಅಂತ ಬಂದಿದ್ದ, ಮೈ ಚಲನೆ ಗುರುತಿಸೋ ಕ್ಯಾಮೆರಾ), ಎರಡನೇ ಮಾಡೆಲ್. ಇದು ಮೈಯಲ್ಲಿ 25 ಕೀಲುಗಳನ್ನ ಸೆಕೆಂಡಿಗೆ 30 ಸಲ ಗುರುತು ಹಿಡಿಯುತ್ತೆ, ಆದ್ರೆ ಸುಮಾರು 4.5 ಮೀಟರ್ ಒಳಗಿದ್ರೆ ಮಾತ್ರ. ಸೆನ್ಸರ್ ಸ್ಟೇಜ್ ಅಂಚಲ್ಲಿಟ್ಟಿದ್ರು, ಹುಡುಗಿ ಜತಿಸ್ವರ ಅನ್ನೋ ಐಟಂನಲ್ಲಿ ಸ್ವಲ್ಪ ಹಿಂದೆ ಹೋದ್ಲೋ ಇಲ್ವೋ ಪರದೆ ಮೇಲಿನ ಆಕೃತಿ ಮಾಯ. ಇನ್ನೊಂದು ತೊಂದ್ರೆ ಹಾಲ್‌ನ ಹ್ಯಾಲೊಜನ್ ಲೈಟು, ಸೆನ್ಸರ್ ಕೆಲಸ ಮಾಡೋದು ಇನ್‌ಫ್ರಾರೆಡ್ ಮೇಲೆ, ಹ್ಯಾಲೊಜನ್ನೂ ಅದನ್ನೇ ಸುರಿಯುತ್ತೆ. ರಿಹರ್ಸಲ್ ದಿನ ಎಲ್‌ಇಡಿಗೆ ಬದಲಾಯ್ಸಿದ ಮೇಲೇನೇ ಸರಿಹೋಗಿದ್ದು, ನೀವು ಬುಕ್ ಮಾಡೋ ಮುಂಚೆ ಹಾಲಿನವರನ್ನ ಇದೊಂದು ಕೇಳಿಬಿಡಿ.

ಅಲರಿಪು ಮಾತ್ರ ಅದ್ಭುತ! ಕಣ್ಣು ಕುತ್ತಿಗೆಯಿಂದ ಶುರುವಾಗಿ ಒಂದೊಂದೇ ಅಂಗ ಅರಳ್ತಾ ಹೋಗೋ ಐಟಂ ಅಲ್ವಾ, ಅವಳು ಕೈ ಚಾಚಿದ ಕಡೆ ಹಿಂದೆ ನಿಧಾನಕ್ಕೆ ಗೆರೆ ಎಳೀತಿತ್ತು, ಅರೆಮಂಡಿಯ (ಮಂಡಿ ಹೊರಕ್ಕೆ ಬಾಗಿಸಿ ಅರ್ಧ ಕೂತ ನಿಲುವು) ಆ ಕೋನ ಕೊನೇ ಸಾಲಲ್ಲಿದ್ದ ನಮ್ಮ ಅಜ್ಜಿಗೂ ಕಾಣ್ತು.

ವರ್ಣ ಅನ್ನೋ ದೊಡ್ಡ ಐಟಂನ ತೀರ್ಮಾನಕ್ಕೆ, ಅಂದ್ರೆ ಬಿರುಸಿನ ಹೆಜ್ಜೆಗಳ ಭಾಗಕ್ಕೆ ಬಂದಾಗ ಕಷ್ಟ ಆಯ್ತು. ಮೂರನೇ ಕಾಲದಲ್ಲಿ (ಅತಿ ವೇಗದಲ್ಲಿ) ಹೆಜ್ಜೆ ಬಿದ್ದು, ತಾಳ ಬಿದ್ದು, ಆಮೇಲೆ ಪರದೆಯಲ್ಲಿ ಬೆಳಕು ಹೊಡೀತಿತ್ತು, ಕಣ್ಣುಮಿಟುಕಿಸೋಷ್ಟೇ ತಡ ಆದ್ರೂ ಲಯ ಗೊತ್ತಿರೋರಿಗೆ ಅದು ತಾಳ ತಪ್ಪಿದ ಹಾಗೇನೇ. ನಟುವಾಂಗ ಮಾಡ್ತಿದ್ದ, ಅಂದ್ರೆ ತಾಳ ಹಾಕಿ ನೃತ್ಯ ನಡೆಸ್ತಿದ್ದ ಗುರುಗಳು ಪರದೆ ಕಡೆ ತಿರುಗಲೇ ಇಲ್ಲ, ಹುಡುಗೀನ ಉಳಿಸಿದ್ದು ಅದೇ.

ಇನ್ನು ಹಸ್ತ, ಅಂದ್ರೆ ಕೈಮುದ್ರೆಗಳು. ಈ ಸೆನ್ಸರ್‌ಗೆ ಕೈಯಲ್ಲಿ ಸಿಗೋದು ಮಣಿಕಟ್ಟು, ಅಂಗೈ, ಬೆರಳ ತುದಿ, ಹೆಬ್ಬೆರಳು ಅಷ್ಟೆ. ಬೆರಳು ನೇರ ಜೋಡಿಸಿದ ಪತಾಕ ಮುದ್ರೆಯಲ್ಲಿ ಉಂಗುರಬೆರಳು ಮಡಿಸಿದ್ರೆ ತ್ರಿಪತಾಕ, ನಮಗೆ ಅರ್ಥವೇ ಬೇರೆ, ಅದಕ್ಕೆ ಎರಡೂ ಒಂದೇ. ಕಣ್ಣು ಹುಬ್ಬಿನ ಮಾತಂತೂ ಈ 25 ಕೀಲುಗಳಲ್ಲಿ ಇಲ್ವೇ ಇಲ್ಲ. ಅದಕ್ಕೇ ಗುರುಗಳು ರಿಹರ್ಸಲ್‌ನಲ್ಲೇ ಹೇಳಿದ್ರು, ಮುಖ, ಕೈಯಲ್ಲೇ ಭಾವ ಹೇಳೋ ದೇವರನಾಮಕ್ಕೆ ಇದು ಬೇಡಮ್ಮ ಅಂತ.

ನಾನಂತೂ ಮತ್ತೆ ಮಾಡ್ಸಿದ್ರೆ ಅಲರಿಪುಗೆ, ಕೊನೇಲಿ ಬರೋ ತಿಲ್ಲಾನದ ನಿಧಾನದ ಭಾಗಕ್ಕೆ ಮಾತ್ರ ಮಾಡಿಸ್ತೀನಿ, ರಿಹರ್ಸಲ್ ಒಂದಲ್ಲ ಎರಡು ದಿನ ಅದೇ ಹಾಲಲ್ಲೇ ಬೇಕು ಅಂತ ಮೊದಲೇ ಮಾತಾಡ್ಕೊತೀನಿ. ದೇವರನಾಮಕ್ಕೆ ಆಫ್ ಮಾಡಿ ಅಂದ್ರೆ ಬೇಜಾರು ಮಾಡ್ಕೊತಾರೇನೋ ಅಂದ್ಕೊಂಡಿದ್ದೆ, ಇಲ್ಲ. ಹುಡುಗಿ ಯಶೋದೆಯಾಗಿ ಮಗುವನ್ನ ಕೈಬೀಸಿ ಕರೀತಿದ್ದಾಗ ಆ ಟೀಮ್‌ನ ಹುಡುಗ ಲ್ಯಾಪ್‌ಟಾಪ್ ಮುಚ್ಚಿ, ಸೈಡ್‌ವಿಂಗ್‌ನಲ್ಲಿ ನಿಂತು ಪೂರ್ತಿ ನೋಡ್ದ.