ತಪಾಸಣೆಯ ಲಾಗಿನ್‌ಗೆ 'ಕಂಟ್ರೋಲ್ ಸರ್ವರ್' ಪರ್ಮಿಷನ್ ಕೊಟ್ಟರೆ ಆಗುವುದಿಷ್ಟು

ಮುಧೋಳ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ, ಕಬ್ಬು ನುರಿಸುವ ಹಂಗಾಮಿನ ನಟ್ಟನಡುವೆ ನಡೆದದ್ದು. ಹೆಸರು ಬೇಡ. ಜಮಖಂಡಿ, ಅಥಣಿ, ಇಂಡಿ ಭಾಗದಲ್ಲಿ ಎಸ್‌ಕ್ಯೂಎಲ್ ಸರ್ವರ್ (ಮೈಕ್ರೋಸಾಫ್ಟಿನ ಡೇಟಾಬೇಸ್ ಸಾಫ್ಟ್‌ವೇರ್) ನೋಡಿಕೊಳ್ಳುವವರು ಓದಿದರೆ ಸಾಕು.

ಇದ್ದದ್ದು ಒಂದೇ ಸರ್ವರ್, ಅದರಲ್ಲಿ ಮೂರು ಡೇಟಾಬೇಸ್: ವೇಬ್ರಿಡ್ಜ್ ತೂಕ, ರೈತರ ಬಿಲ್, ನೌಕರರ ಪಗಾರ. ತೂಕದ ಸ್ಲಿಪ್ ತಡವಾಗಿ ಬರುತ್ತಿದೆ ಎಂದು ಸಾಫ್ಟ್‌ವೇರ್ ಕಂಪನಿಯ ಹುಡುಗ ತಪಾಸಣೆಗೆ ಕೂತ. ಯಾವ ಕ್ವೆರಿ (ಡೇಟಾಬೇಸಿಗೆ ಕಳಿಸಿದ ಆದೇಶ) ಸಿಕ್ಕಿಕೊಂಡಿದೆ ಎಂದು ನೋಡಹೋದರೆ 300ನೇ ನಂಬರಿನ ಎರರ್: ವ್ಯೂ ಸರ್ವರ್ ಸ್ಟೇಟ್ ಪರ್ಮಿಷನ್, ಅಂದರೆ ಸರ್ವರ್‌ನಲ್ಲಿ ಏನು ನಡೆಯುತ್ತಿದೆ ಎಂದು ನೋಡುವ ಅನುಮತಿ, ಇಲ್ಲ. ಏನು ಕೊಡಬೇಕು ಅನ್ನುವುದನ್ನು ಎರರ್ ತಾನೇ ಬಾಯಿಬಿಟ್ಟು ಹೇಳಿತ್ತು. ಯಾರೂ ಅದನ್ನು ಪೂರ್ತಿ ಓದಲಿಲ್ಲ.

ಮೊದಲು ತೂಕದ ಡೇಟಾಬೇಸಿನಲ್ಲಿ ಡಿಬಿ ಓನರ್ (ಆ ಒಂದು ಡೇಟಾಬೇಸಿನ ಪೂರ್ತಿ ಅಧಿಕಾರ) ಕೊಟ್ಟರು. ಏನೂ ಬದಲಾಗಲಿಲ್ಲ, ಆಗುವಂತೆಯೂ ಇರಲಿಲ್ಲ. ಯೂಸರ್ ಡೇಟಾಬೇಸಿಗೆ ಸೇರಿದ್ದು, ಲಾಗಿನ್ ಸರ್ವರ್‌ಗೆ ಸೇರಿದ್ದು. ಸರ್ವರ್ ಮಟ್ಟದ ಪರ್ಮಿಷನ್ ಲಾಗಿನ್‌ಗೇ ಸಿಗಬೇಕು. ಆಮೇಲೆ ಅದೇ ಡೇಟಾಬೇಸಿನಲ್ಲಿ ಕೂತು ಗ್ರ್ಯಾಂಟ್ (ಪರ್ಮಿಷನ್ ಕೊಡುವ ಆದೇಶ) ಓಡಿಸಿದರು. ಈ ಸಲ ಬಂದದ್ದು 4621, ಅಂದರೆ ಮಾಸ್ಟರ್ ಡೇಟಾಬೇಸಿಗೆ ಹೋಗಿ ಕೊಡಿ ಎಂದು. ಅಷ್ಟರಲ್ಲಿ ಗೇಟಿನ ಹೊರಗೆ ಟ್ರ್ಯಾಕ್ಟರ್ ಸಾಲು ಬೆಳೆಯುತ್ತಿತ್ತು. ತಾಳ್ಮೆಗೆಟ್ಟವರೊಬ್ಬರು ಲಾಗಿನ್ ಪ್ರಾಪರ್ಟೀಸ್ ತೆಗೆದು, ಸೆಕ್ಯೂರೆಬಲ್ಸ್ ಪುಟದಲ್ಲಿ ಕಂಟ್ರೋಲ್ ಸರ್ವರ್ (ಇಡೀ ಸರ್ವರ್ ಮೇಲಿನ ಹಿಡಿತ) ಸಾಲಿಗೆ ಟಿಕ್ ಹಾಕಿದರು. ಪಕ್ಕದ ವಿತ್ ಗ್ರ್ಯಾಂಟ್ (ಬೇರೆಯವರಿಗೂ ಹಂಚುವ ಹಕ್ಕು) ಕಾಲಮ್ಮಿಗೂ ಒಂದು ಟಿಕ್. ಕೆಲಸ ಆಯಿತು, ಎಲ್ಲರೂ ಚಹಾಕ್ಕೆ ಹೋದರು.

ಕಂಟ್ರೋಲ್ ಸರ್ವರ್ ಇದ್ದವನು ಯಾವ ಲಾಗಿನ್ನಿನ ವೇಷವನ್ನಾದರೂ ಹಾಕಬಲ್ಲ. ಎಕ್ಸಿಕ್ಯೂಟ್ ಆ್ಯಸ್ ಲಾಗಿನ್ ಎಂದು 'ಎಸ್‌ಎ' (ಸರ್ವರ್‌ನ ಮುಖ್ಯ ಅಡ್ಮಿನ್ ಲಾಗಿನ್) ಹೆಸರು ಕೊಟ್ಟರೆ ಮುಗಿಯಿತು, ಎಲ್ಲ ಅಧಿಕಾರವೂ ಇರುವ ಸಿಸ್‌ಅಡ್ಮಿನ್ ರೋಲಿಗೆ ತನ್ನನ್ನು ತಾನೇ ಸೇರಿಸಿಕೊಳ್ಳಬಹುದು. 'ಎಸ್‌ಎ' ಡಿಸೇಬಲ್ ಮಾಡಿದ್ದೇವಲ್ಲ ಎಂಬ ಸಮಾಧಾನ ಬೇಡ, ಡಿಸೇಬಲ್ ಆದ ಲಾಗಿನ್ನಿನ ವೇಷವೂ ಹಾಕಲು ಬರುತ್ತದೆ. ಪಗಾರದ ಟೇಬಲ್‌ಗಳಿಗೆ ಡಿನೈ (ನೋಡದಂತೆ ತಡೆ) ಹಾಕಿದ್ದೂ ಉಪಯೋಗಕ್ಕೆ ಬರಲಿಲ್ಲ. ಕಂಟ್ರೋಲ್ ಸರ್ವರ್ ಡಿನೈಯನ್ನು ಮಾನ್ಯ ಮಾಡುತ್ತದೆ, ನಿಜ; ಸಿಸ್‌ಅಡ್ಮಿನ್ ಮಾಡುವುದಿಲ್ಲ, ಮತ್ತು ಒಂದರಿಂದ ಇನ್ನೊಂದಕ್ಕೆ ಒಂದೇ ಸಾಲಿನ ದೂರ.

ಎರಡು ತಿಂಗಳಿಗೆ ಕಂಪನಿಯ ಕರಾರು ಮುಗಿಯಿತು. ಲಾಗಿನ್ ತೆಗೆಯಲು ಡ್ರಾಪ್ ಲಾಗಿನ್ ಕೊಟ್ಟರೆ 15173: ಇವನು ಬೇರೆಯವರಿಗೆ ಪರ್ಮಿಷನ್ ಕೊಟ್ಟಿದ್ದಾನೆ, ಮೊದಲು ಅದನ್ನು ಹಿಂಪಡೆಯಿರಿ. ಆಗ ಗೊತ್ತಾಯಿತು, ಹುಡುಗ ಎರಡನೇ ಲಾಗಿನ್ ಒಂದನ್ನು ಮಾಡಿ, ಅದಕ್ಕೂ ಕಂಟ್ರೋಲ್ ಸರ್ವರ್ ಕೊಟ್ಟು, ತೂಕದ ಲೆಕ್ಕ ಬಿಲ್ಲಿಗೆ ಸಾಗಿಸುವ ರಾತ್ರಿಯ ಕೆಲಸವನ್ನು ಅದರ ಮೇಲೆಯೇ ಓಡಿಸುತ್ತಿದ್ದ. ಕೆಟ್ಟ ಉದ್ದೇಶ ಇರಲಿಲ್ಲ, ಸೋಮಾರಿತನ ಅಷ್ಟೇ. ಬರೀ ರಿವೋಕ್ (ಪರ್ಮಿಷನ್ ಹಿಂಪಡೆಯುವ ಆದೇಶ) ಓಡಿಸಿದರೆ 4611, ಕ್ಯಾಸ್ಕೇಡ್ (ಅವನು ಮುಂದೆ ಹಂಚಿದ್ದನ್ನೂ ಹಿಂಪಡೆ) ಸೇರಿಸಿ ಎನ್ನುತ್ತದೆ. ಸೇರಿಸಿದರು. ಎರಡೂ ಲಾಗಿನ್ನಿನ ಬಲ ಒಟ್ಟಿಗೇ ಹೋಯಿತು, ಮರುದಿನ ಬೆಳಿಗ್ಗೆ ರೈತರ ಬಿಲ್ಲಿನಲ್ಲಿ ಹಿಂದಿನ ದಿನದ ಒಂದು ಟ್ರಿಪ್ಪೂ ಇರಲಿಲ್ಲ. ಕ್ಯಾಸ್ಕೇಡ್ ಒತ್ತುವ ಮೊದಲು ಯಾರಿಂದ ಯಾರಿಗೆ ಹೋಗಿದೆ ಎಂದು ಸಿಸ್.ಸರ್ವರ್_ಪರ್ಮಿಷನ್ಸ್ ವ್ಯೂನಲ್ಲಿ ಗ್ರ್ಯಾಂಟರ್ (ಕೊಟ್ಟವರು), ಗ್ರ್ಯಾಂಟೀ (ಪಡೆದವರು) ಕಾಲಮ್ ನೋಡಿದ್ದರೆ ಈ ಪರದಾಟ ಇರುತ್ತಿರಲಿಲ್ಲ.

ಅವತ್ತು ಬೇಕಾಗಿದ್ದದ್ದು ಇಷ್ಟೇ:

ಯೂಸ್ ಮಾಸ್ಟರ್;
ಗ್ರ್ಯಾಂಟ್ ವ್ಯೂ ಸರ್ವರ್ ಸ್ಟೇಟ್ ಟು ತಪಾಸಣೆ_ಲಾಗಿನ್;

2022ರ ಆವೃತ್ತಿ ಇದ್ದರೆ ಇದಕ್ಕಿಂತ ಕಿರಿದಾದ ವ್ಯೂ ಸರ್ವರ್ ಪರ್ಫಾರ್ಮೆನ್ಸ್ ಸ್ಟೇಟ್ ಸಾಕು. ವ್ಯೂ ಸರ್ವರ್ ಸ್ಟೇಟ್ ಕೂಡ ಪೂರ್ತಿ ನಿರುಪದ್ರವಿ ಅಲ್ಲ: ಬೇರೆಯವರು ಓಡಿಸುತ್ತಿರುವ ಕ್ವೆರಿಯ ಪಠ್ಯ ಕಾಣುತ್ತದೆ, ರೈತರ ಖಾತೆ ನಂಬರ್ ಕ್ವೆರಿಯೊಳಗೇ ಬರೆದಿದ್ದರೆ ಅದೂ ಕಾಣುತ್ತದೆ. ಕೆಲಸ ಮುಗಿದ ದಿನವೇ ರಿವೋಕ್ ಮಾಡಿ. ಹೊರಗಿನವರು ಪದೇ ಪದೇ ಬರುವುದಾದರೆ ಸರ್ವರ್ ರೋಲ್ ಒಂದನ್ನು ಮಾಡಿ (2012ರಿಂದ ಈ ಸೌಲಭ್ಯ ಇದೆ), ಪರ್ಮಿಷನ್ ಅದಕ್ಕೆ ಕೊಟ್ಟು, ಬಂದವರನ್ನು ಸೇರಿಸಿ, ಹೋದವರನ್ನು ತೆಗೆಯಿರಿ. ಕೊಟ್ಟ ಮೇಲೆ ಆ ಲಾಗಿನ್ನಿನ ವೇಷ ಹಾಕಿ ಎಫ್‌ಎನ್_ಮೈ_ಪರ್ಮಿಷನ್ಸ್ ಓಡಿಸಿ ಪರ್ಮಿಷನ್‌ಗಳ ಪಟ್ಟಿ ನೋಡಿ, ರಿವರ್ಟ್ ಮಾಡಲು (ವೇಷ ಕಳಚಲು) ಮರೆಯಬೇಡಿ.

ನಿಮ್ಮ ಸರ್ವರ್‌ನಲ್ಲಿ ಈಗಲೇ ಹುಡುಕಬೇಕಾದದ್ದು: ಸಿಸ್.ಸರ್ವರ್_ಪರ್ಮಿಷನ್ಸ್ ವ್ಯೂನಲ್ಲಿ ಟೈಪ್ 'ಸಿಎಲ್' ಇರುವ ಸಾಲುಗಳು, ಅಂದರೆ ಕಂಟ್ರೋಲ್ ಸರ್ವರ್, ಸ್ಟೇಟ್ 'ಡಬ್ಲ್ಯೂ' ಇರುವವು, ಅಂದರೆ ಹಂಚುವ ಹಕ್ಕು ಸಮೇತ ಕೊಟ್ಟವು. ಸಿಸ್‌ಅಡ್ಮಿನ್, ಸೆಕ್ಯೂರಿಟಿಅಡ್ಮಿನ್ (ಲಾಗಿನ್, ಪರ್ಮಿಷನ್ ನೋಡಿಕೊಳ್ಳುವ ರೋಲ್) ರೋಲಿನ ಮೂಲಕ ಬಂದ ಬಲ ಅಲ್ಲಿ ಕಾಣುವುದಿಲ್ಲ, ಅದಕ್ಕೆ ಸಿಸ್.ಸರ್ವರ್_ರೋಲ್_ಮೆಂಬರ್ಸ್ ನೋಡಬೇಕು. ಸೆಕ್ಯೂರಿಟಿಅಡ್ಮಿನ್‌ನಲ್ಲಿ ಯಾರಾದರೂ ಸಿಕ್ಕರೆ ಅವರನ್ನು ಸಿಸ್‌ಅಡ್ಮಿನ್ ಎಂದೇ ಎಣಿಸಿ.